ನಿಮಗಿದು ಗೊತ್ತೆ? ಅರಳುವುದು ಎಲೆಯ ಮೇಲೆ, ಹಣ್ಣಾಗುವುದು ಎಲೆಯ ಕೆಳಗೆ!

ಗಸಗಸೆ ಹಣ್ಣಿನ ಮರದ ಹೂವಿನ ಆಯುಸ್ಸು ಒಂದೇ ದಿನ. ಬೆಳಗ್ಗೆ ತೊಟ್ಟು ಮೇಲಕ್ಕೆತ್ತಿ ಎಲೆಗಳ ಮೇಲೆ ಬೆಳ್ಳಗೆ ಅರಳುತ್ತದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಸಳು ಉದುರುತ್ತವೆ. ಆಮೇಲೆ ತೊಟ್ಟು ಬಾಗಿ ಎಲೆಯ ಅಡಿಗೆ ಸರಿಯುತ್ತದೆ. ಮಕ್ಕಳು ಕೊಂಬೆ ಬಗ್ಗಿಸಿ ಹುಡುಕುವ ಕೆಂಪು ಹಣ್ಣು ಅಲ್ಲೇ ಮಾಗುತ್ತದೆ.

ಎಲ್ಲ ಹೂವೂ ಹಣ್ಣಾಗುವುದಿಲ್ಲ. ಕೆಲವು ಹೂಗಳಲ್ಲಿ ಹತ್ತಾರು ಕೇಸರಗಳಿದ್ದರೆ, ಇನ್ನು ಕೆಲವುಗಳಲ್ಲಿ ನೂರಕ್ಕೂ ಹೆಚ್ಚು. ಕೇಸರ ಹೆಚ್ಚಿರುವ ಹೂಗಳು ಹೆಚ್ಚಾಗಿ ಪರಾಗ ಕೊಟ್ಟು ಉದುರಿಹೋಗುತ್ತವೆ.

ಗೋಲಿಗಿಂತ ದೊಡ್ಡದಲ್ಲದ ಒಂದು ಹಣ್ಣಿನಲ್ಲಿ ಸಾವಿರಾರು ಬೀಜ. ಹಗಲು ಹಕ್ಕಿಗಳು, ರಾತ್ರಿ ಬಾವಲಿಗಳು ತಿಂದು ಬಿತ್ತುತ್ತವೆ. ಬೀಜ ಮೊಳೆತ ಎರಡೇ ವರ್ಷದಲ್ಲಿ ಗಿಡ ಫಲ ಕೊಡಬಲ್ಲದು. ಬಡ ಮಣ್ಣು, ನೀರಿನ ಕೊರತೆ ಎರಡನ್ನೂ ತಾಳಿಕೊಳ್ಳುವುದರಿಂದ ಕಡೂರು, ಯಗಟಿಯಂಥ ಬಯಲುಸೀಮೆಗೂ ಒಗ್ಗುವ ನಿತ್ಯಹಸಿರು ನೆರಳಿನ ಮರವಿದು.

ಇದರ ತವರು ಅಮೆರಿಕ ಖಂಡದ ಉಷ್ಣವಲಯ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಮುಂಟಿಂಜಿಯಾ ಕ್ಯಾಲಬುರಾ. ಈ ಕುಲದಲ್ಲಿರುವುದು ಇದೊಂದೇ ಪ್ರಭೇದ. ಅಡುಗೆಮನೆಯ ಗಸಗಸೆಗೂ ಇದಕ್ಕೂ ನಂಟಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಸ್ಟ್ರಾಬೆರಿ ಟ್ರೀ ಎಂದೂ ಕರೆಯುತ್ತಾರೆ. ಅದೇ ಹೆಸರಿನ ಯುರೋಪಿನ ಮರ, ಆರ್ಬ್ಯುಟಸ್, ಬೇರೆಯೇ ವಂಶದ್ದು. ಅದರ ಹಣ್ಣು ಮಾಗಲು ಸುಮಾರು ಒಂದು ವರ್ಷ ಬೇಕು. ಹಾಗಾಗಿ ಹಿಂದಿನ ವರ್ಷದ ಹಣ್ಣು, ಈ ವರ್ಷದ ಹೂವು ಒಟ್ಟಿಗೇ ಕಾಣುತ್ತವೆ. ಸ್ಪೇನಿನ ಮ್ಯಾಡ್ರಿಡ್ ನಗರದ ಲಾಂಛನದಲ್ಲಿ ಕರಡಿ ಮುಂಗಾಲು ಊರಿ ನಿಂತಿರುವುದು ಈ ಆರ್ಬ್ಯುಟಸ್ ಮರಕ್ಕೆ.