ಹೃದ್ರೋಗ ಸಂಶೋಧನಾ ಯೋಜನೆಗಳಲ್ಲಿ ಸಂಶೋಧನಾ ಸಹಾಯಕರ ವೃತ್ತಿ: ಅರ್ಜಿದಾರರಿಗೆ ಮಾಹಿತಿ

ಉದ್ದೇಶ: ಹೃದಯಾಘಾತಕ್ಕೆ ಚಿಕಿತ್ಸೆ ಪಡೆದು ಮನೆಗೆ ತೆರಳಿದ ರೋಗಿಯು ಔಷಧಿಯನ್ನು ಮುಂದುವರಿಸಿರುವರೇ, ಪುನಃ ಆಸ್ಪತ್ರೆಗೆ ದಾಖಲಾಗಿರುವರೇ, ಬದುಕುಳಿದಿರುವರೇ ಎಂಬುದನ್ನು ತಿಳಿಯುವುದು ಚಿಕಿತ್ಸಾ ಫಲಿತಾಂಶ ಸಂಶೋಧನೆಯ ಉದ್ದೇಶವಾಗಿರುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಪ್ರಾರಂಭವಾದ ಅಧ್ಯಯನವು 5,209 ನಿವಾಸಿಗಳ ಆರೋಗ್ಯವನ್ನು ದೀರ್ಘಕಾಲ ದಾಖಲಿಸಿದ್ದರಿಂದ, ಅಧಿಕ ರಕ್ತದೊತ್ತಡ, ಕೊಲೆಸ್ಟರಾಲ್ ಹಾಗೂ ಧೂಮಪಾನದಿಂದ ಹೃದಯಕ್ಕೆ ಒದಗುವ ಅಪಾಯವು ಸ್ಪಷ್ಟವಾಯಿತು.

ಕರ್ತವ್ಯಗಳು: ಅಧ್ಯಯನದ ವಿವರಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಲಿಖಿತ ಒಪ್ಪಿಗೆ ಪಡೆಯುವುದು, ರಕ್ತದೊತ್ತಡ ಅಳೆಯುವುದು, ಆಸ್ಪತ್ರೆಯ ಕಡತಗಳಿಂದ ಮಾಹಿತಿಯನ್ನು ದಾಖಲಿಸಿ ಗೌಪ್ಯವಾಗಿರಿಸುವುದು, ನಿಗದಿತ ಅವಧಿಗೊಮ್ಮೆ ದೂರವಾಣಿ ಅಥವಾ ಮನೆ ಭೇಟಿಯ ಮೂಲಕ ವಿಚಾರಿಸುವುದು.

ವಿಶೇಷ ಸೂಚನೆ: ಸಂಪರ್ಕಕ್ಕೆ ದೊರೆಯದ ರೋಗಿಯನ್ನು ‘ಆರೋಗ್ಯವಾಗಿದ್ದಾರೆ’ ಎಂದು ನಮೂದಿಸತಕ್ಕದ್ದಲ್ಲ. ಅಂತಹವರಲ್ಲಿ ಕೆಲವರು ಮೃತಪಟ್ಟಿರಬಹುದಾದ್ದರಿಂದ, ತಪ್ಪು ನಮೂದು ಚಿಕಿತ್ಸೆಯನ್ನು ವಾಸ್ತವಕ್ಕಿಂತ ಉತ್ತಮವೆಂದು ತೋರಿಸುತ್ತದೆ. ಅದರ ಪರಿಣಾಮವನ್ನು ಮುಂದಿನ ರೋಗಿಗಳು ಅನುಭವಿಸಬೇಕಾಗುತ್ತದೆ.

ಹುದ್ದೆಯ ಸ್ವರೂಪ: ಇಂತಹ ಹುದ್ದೆಗಳು ಸಾಮಾನ್ಯವಾಗಿ ತಾತ್ಕಾಲಿಕವಾಗಿದ್ದು, ಯೋಜನೆಯ ಅವಧಿಗೆ ಸೀಮಿತವಾಗಿರುತ್ತವೆ. ಆದುದರಿಂದ ಅಭ್ಯರ್ಥಿಗಳು ಅವಧಿ, ವೇತನ ಹಾಗೂ ರಜೆಯ ಷರತ್ತುಗಳನ್ನು ನೇಮಕಾತಿ ಆದೇಶದಲ್ಲಿ ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು ಸೂಕ್ತ. ಯೋಜನೆ ಮುಕ್ತಾಯವಾಗುವ ಮೊದಲೇ, ನಿರ್ವಹಿಸಿದ ಕರ್ತವ್ಯಗಳನ್ನು ನಮೂದಿಸಿದ ಅನುಭವ ಪ್ರಮಾಣಪತ್ರವನ್ನು ಪಡೆದುಕೊಳ್ಳತಕ್ಕದ್ದು. ಸಾರ್ವಜನಿಕ ಆರೋಗ್ಯ ಅಥವಾ ಸಂಖ್ಯಾಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಕೈಗೊಳ್ಳುವವರಿಗೆ ಈ ಅನುಭವವು ಉಪಯುಕ್ತವಾಗಿರುತ್ತದೆ.