ಮೇಜಿನ ಸುತ್ತ ಒಂದು ತಾಳಮದ್ದಳೆ

ಉದ್ಯೋಗನಿಮಿತ್ತ ಊರು ಬಿಟ್ಟು ಮಹಾನಗರ ಸೇರಿದವರಿಗೆ ಪರಿಚಿತರು ಬಹಳ, ಮನಬಿಚ್ಚಿ ಮಾತನಾಡುವವರು ವಿರಳ. ಒಂಟಿತನವೂ ಆರೋಗ್ಯದ ಪ್ರಶ್ನೆಯೇ. ಜಗತ್ತಿನ ಆರು ಜನರಲ್ಲಿ ಒಬ್ಬರು ಅದರಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ತಿಳಿಸುತ್ತದೆ. ಹೈದರಾಬಾದಿನಲ್ಲಿ ನಾವು ಐವರು ಗೆಳೆಯರು ಇದಕ್ಕೆ ಕಂಡುಕೊಂಡ ಉಪಾಯವೊಂದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಟದ ಪರಿಚಯ

ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮಗ ರಜೆಗೆ ಬಂದಾಗ ಬಗೆಬಗೆಯ ದಾಳಗಳ ಪೆಟ್ಟಿಗೆಯೊಂದನ್ನು ತಂದನು. ದಾಳವೆಂದೊಡನೆ ಧರ್ಮರಾಯನನ್ನು ನೆನೆದು ನನ್ನ ತಾಯಿ ಹೌಹಾರಿದರು! ಆದರೆ ಇಲ್ಲಿ ಪಣವಿಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದು ಈ ಬಗೆಯ ಆಟಗಳಿಗೆ ಮೂಲ. ಒಬ್ಬನು ಸನ್ನಿವೇಶವನ್ನು ವರ್ಣಿಸುವ ಸೂತ್ರಧಾರ. ಉಳಿದವರು ಒಂದೊಂದು ಪಾತ್ರ ವಹಿಸಿ, ತಾವೇನು ಮಾಡುವೆವೆಂದು ಹೇಳುವರು. ಫಲ ಸಂದೇಹಾಸ್ಪದವಾದಾಗ ಮಾತ್ರ 20 ಮುಖಗಳ ದಾಳ ಉರುಳಬೇಕು. 15 ಅಥವಾ ಹೆಚ್ಚು ಬಿದ್ದರೆ ಜಯವೆಂದು ನಿಗದಿಪಡಿಸಿದರೆ ಗೆಲುವಿನ ಸಂಭವ ನೂರಕ್ಕೆ 30.

ಮೊದಲ ರಾತ್ರಿಯ ಪಾಡು

ಸೂತ್ರಧಾರನ ಹೊಣೆ ನನ್ನ ಪಾಲಿಗೆ ಬಂತು. ನಮ್ಮೂರ ಗೋಲ್ಕೊಂಡವನ್ನೇ ಆರಿಸಿಕೊಂಡೆ. 1687ರಲ್ಲಿ ಔರಂಗಜೇಬನ ಸೇನೆ ಸುಮಾರು 8 ತಿಂಗಳು ಮುತ್ತಿಗೆ ಹಾಕಿದರೂ ಮಣಿಯದ ಆ ಕೋಟೆ, ಕೊನೆಗೆ ಒಳಗಿನವನೊಬ್ಬನ ದ್ರೋಹದಿಂದ ಬಾಗಿಲು ತೆರೆದು ಬಿದ್ದಿತು. ಆ ರಾತ್ರಿಯ ಕಾವಲುಗಾರರೇ ನನ್ನ ಗೆಳೆಯರ ಪಾತ್ರಗಳು. ಹನ್ನೆರಡು ಪುಟ ಕಥೆ ಬರೆದು ಸಿದ್ಧನಾದೆ.

“ದ್ರೋಹಿಯೊಡನೆ ಕಾದಾಡುವ ಬದಲು ಕೂತು ಮಾತಾಡಬಾರದೇನ್ರೀ?” ಎಂದು ಒಬ್ಬರು ಕೇಳಿದರು. “ಅದು ಕಥೆಯಲ್ಲಿಲ್ಲ” ಎಂದೆ. ಒಂಬತ್ತೂವರೆಗೆಲ್ಲ ಎಲ್ಲರೂ ಆಕಳಿಸತೊಡಗಿದರು.

ಭಾಗವತರ ಪಾಠ

ಆಗ ಕಾಸರಗೋಡು ಸೀಮೆಯಲ್ಲಿ ಬಾಲ್ಯದಲ್ಲಿ ಕೇಳಿದ ತಾಳಮದ್ದಳೆ ನೆನಪಾಯಿತು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡಿ ನಿಲ್ಲಿಸುವರು, ಅರ್ಥಧಾರಿ ಆಶುವಾಗಿ ಮಾತು ಬೆಳೆಸುವನು. ವಾಲಿ ಸಾಯುವನೆಂದು ಸಭೆಗೆಲ್ಲ ಗೊತ್ತು. ಆದರೂ ಅವನ ಪ್ರಶ್ನೆಗಳಿಗೆ ರಾಮನು ಪ್ರತಿ ರಾತ್ರಿಯೂ ಹೊಸದಾಗಿ ಉತ್ತರ ಹುಡುಕಬೇಕು. ಭಾಗವತರೇ ಎಲ್ಲವನ್ನೂ ಹೇಳಿಬಿಟ್ಟರೆ ಅರ್ಥಧಾರಿಗೆ ಉಳಿಯುವುದೇನು? ನಮ್ಮ ಆಟದಲ್ಲಂತೂ ಅಂತ್ಯವೂ ಮೊದಲೇ ತಿಳಿದಿರಬೇಕಾಗಿಲ್ಲ.

ಮುಂದಿನ ಶನಿವಾರ ಅರ್ಧ ಪುಟ ಮಾತ್ರ ಬರೆದೆ: ಮೂರು ಸ್ಥಳಗಳು, ಮೂವರು ವ್ಯಕ್ತಿಗಳು, ಅವರ ಒಂದೊಂದು ಆಸೆ. ಬಾಗಿಲು ತೆರೆಯುವುದೋ ಇಲ್ಲವೋ ಎಂಬುದನ್ನು ಗೆಳೆಯರಿಗೇ ಬಿಟ್ಟೆ.

ನಮ್ಮಲ್ಲೊಬ್ಬರು, ಪತ್ನಿವಿಯೋಗದ ತರುವಾಯ ಮಾತನ್ನೇ ಕಡಿಮೆ ಮಾಡಿದ್ದವರು, ಮುದಿ ಸಿಪಾಯಿಯ ಪಾತ್ರ ವಹಿಸಿದ್ದರು. ಲಂಚಕ್ಕೆ ಕೈಚಾಚಿದ ಅಧಿಕಾರಿಯ ಮಾತುಗಳನ್ನು ನಾನು ಆಡುತ್ತಿದ್ದೆ. “ಸ್ವಾಮಿ, ಕಾಯುವುದಕ್ಕೆ ನನಗೆ ಮನೆಯಲ್ಲಿ ಯಾರೂ ಉಳಿದಿಲ್ಲ. ಈ ಬಾಗಿಲೊಂದಿದೆ. ಇದನ್ನೂ ಕಸಿಯುತ್ತೀರಾ?” ಎಂದರು ಅವರು. ದಾಳ ಹಾಕಿಸಲು ಮುಂದಾಗಿದ್ದ ನನ್ನ ಕೈ ತಾನಾಗಿ ಹಿಂದೆ ಸರಿಯಿತು. ಇಂತಹ ಮಾತಿಗೆ ದಾಳವೇಕೆ? ನಮ್ಮ ಗೋಲ್ಕೊಂಡದಲ್ಲಿ ಆ ರಾತ್ರಿ ಬಾಗಿಲು ತೆರೆಯಲಿಲ್ಲ. ಅವರು ಅಂದು ಊಟ ಮುಗಿಸಿ, ಬಹಳ ಹೊತ್ತು ಪತ್ನಿಯ ವಿಷಯ ಮಾತನಾಡಿ ಮನೆಗೆ ಹೋದರು.

ಕೆಲವು ಸೂಚನೆಗಳು

1. ನಾಲ್ವರು ಆಟಗಾರರು, ಎರಡೂವರೆ ಗಂಟೆ ಸಾಕು. ನಿದ್ರೆ ಕೆಡಿಸಿಕೊಳ್ಳಬಾರದು.

2. ಗಂಟೆಗೊಮ್ಮೆ ಎದ್ದು ನಡೆದಾಡಬೇಕು. ಕರಿದ ತಿಂಡಿಗಿಂತ ಹಣ್ಣು, ಬೇಯಿಸಿದ ಕಡಲೆಕಾಯಿ ಮೇಲು.

3. ಯಾವ ವಿಷಯ ಎತ್ತಬಾರದೆಂದು ಮೊದಲೇ ಪ್ರತಿಯೊಬ್ಬರನ್ನೂ ಕೇಳಬೇಕು. ಯಾರಾದರೂ ಸಾಕೆಂದರೆ ಅಲ್ಲಿಗೆ ನಿಲ್ಲಿಸಬೇಕು.

4. ಸಂದೇಹ ಬಂದಾಗ ನಿಯಮಪುಸ್ತಕ ತೆರೆದು ಕೂರದೆ, ನ್ಯಾಯವೆನಿಸಿದಂತೆ ತೀರ್ಮಾನಿಸಿ ಮುಂದುವರಿಯಬೇಕು.

5. ಇದು ಚಿಕಿತ್ಸೆಯಲ್ಲ. ಖಿನ್ನತೆ ವಾರಗಟ್ಟಲೆ ಬಿಡದಿದ್ದರೆ ವೈದ್ಯರನ್ನೇ ಕಾಣಬೇಕು.

ಸೂತ್ರಧಾರನಿಗೆ ವಾಕ್ಚಾತುರ್ಯ ಬೇಕೆಂದು ನಾನು ಭಾವಿಸಿದ್ದೆ. ಬೇಕಾದದ್ದು ಕಿವಿ. ಪದ್ಯವನ್ನು ಎತ್ತಿಕೊಟ್ಟು ಸುಮ್ಮನಾಗುವುದನ್ನು ಕಲಿತರೆ, ಎದುರಿಗೆ ಕುಳಿತವರು ಅರ್ಥ ಹೇಳುತ್ತಾರೆ. ಬಾಂಧವರೇ, ಒಂದು ಶನಿವಾರ ನಾಲ್ವರನ್ನು ಮನೆಗೆ ಕರೆದು ನೋಡಿ.