ಡಿಸ್ಕಿನ ಮುಂದಿನ ಸರತಿ ಸಾಲು

ಲಿನಕ್ಸ್ ಗಣಕದಲ್ಲಿ ದೊಡ್ಡ ವಿಡಿಯೊ ಕಡತವೊಂದನ್ನು ನಕಲು ಮಾಡಲು ಬಿಟ್ಟು, ಅದೇ ವೇಳೆಗೆ ಬ್ರೌಸರ್ ತೆರೆಯಲು ಹೋಗಿದ್ದೀರಾ? ಮೌಸಿನ ಬಾಣ ಓಡಾಡುತ್ತದೆ, ಕಿಟಕಿ ಮಾತ್ರ ತೆರೆಯುವುದಿಲ್ಲ. ಪ್ರೊಸೆಸರ್ ಬಹುಪಾಲು ಬಿಡುವಾಗಿಯೇ ಇರುತ್ತದೆ. ಹಾರ್ಡ್ ಡಿಸ್ಕ್ ಇರುವ ಹಳೆಯ ಗಣಕಗಳಲ್ಲಿ ಇದು ಸಾಮಾನ್ಯ. ಗಣಕವನ್ನೇ ಬದಲಾಯಿಸುವ ಮುನ್ನ ಡಿಸ್ಕಿನ ಮುಂದೆ ನಿಂತ ಸರತಿಯನ್ನು ಗಮನಿಸಬೇಕು.

ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ ಎನ್ನೋಣ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು, ಬೇಕಾದ ಜಾಗ ಹೆಡ್‌ನ ಕೆಳಗೆ ಬರಲು ಸರಾಸರಿ ಅದರ ಅರ್ಧ ಬೇಕು. ಹೆಡ್ ಸರಿಯಾದ ಪಥಕ್ಕೆ ಸರಿಯಲು ಇನ್ನೂ ಸುಮಾರು 9 ಮಿಲಿಸೆಕೆಂಡು. ಅಂದರೆ ಚದುರಿದ ವಿನಂತಿಗಳಾದರೆ ಸೆಕೆಂಡಿಗೆ ಸುಮಾರು 75 ಮಾತ್ರ ಪೂರೈಸಬಲ್ಲದು.

ಆದ್ದರಿಂದ ಅವುಗಳ ಕ್ರಮ ಮುಖ್ಯ. ಹೆಡ್ 50ನೆಯ ಪಥದಲ್ಲಿದೆ. 95, 10, 90, 15, 60 ಎಂಬ ಪಥಗಳಿಗೆ ವಿನಂತಿಗಳು ಬಂದಿವೆ. ಬಂದ ಕ್ರಮದಲ್ಲೇ ಹೋದರೆ ಒಟ್ಟು 330 ಪಥ ದಾಟಬೇಕು. ಲಿಫ್ಟಿನಂತೆ ಮೊದಲು ಮೇಲಕ್ಕೆ ಹೋಗಿ, ಇಳಿಯುವಾಗ ಉಳಿದವನ್ನು ಮುಗಿಸಿದರೆ 130 ಸಾಕು. ಈ ಕ್ರಮವನ್ನು ನಿರ್ಧರಿಸುವ ಕರ್ನೆಲ್ ಭಾಗವೇ ಶೆಡ್ಯೂಲರ್.

ಆದರೆ ಒಟ್ಟು ಕೆಲಸ ಬೇಗ ಮುಗಿದರೆ ಸಾಲದು. ಬರೆಯಬೇಕಾದ ದತ್ತಾಂಶವನ್ನು ಕರ್ನೆಲ್ ಸ್ಮೃತಿಯಲ್ಲಿ ಇಟ್ಟುಕೊಂಡು, ಆಮೇಲೆ ರಾಶಿಯಾಗಿ ಡಿಸ್ಕಿಗೆ ಕಳಿಸುತ್ತದೆ. ತಂತ್ರಾಂಶ ಅದಕ್ಕಾಗಿ ಕಾಯುವುದಿಲ್ಲ. ಓದುವುದು ಹಾಗಲ್ಲ. ಒಂದು ತುಣುಕು ಕೈಗೆ ಬಂದ ಮೇಲೆಯೇ ಮುಂದಿನದು ಯಾವುದೆಂದು ಬಹಳ ಸಲ ತಿಳಿಯುತ್ತದೆ. ಬ್ರೌಸರ್ ತೆರೆಯಲು ಇಂಥ 200 ಓದುಗಳು ಬೇಕೆಂದಿಟ್ಟುಕೊಳ್ಳಿ. ಡಿಸ್ಕ್ ಬಿಡುವಾಗಿದ್ದರೆ ಮೂರು ಸೆಕೆಂಡಿನೊಳಗೆ ಆಯಿತು. ಪ್ರತಿಯೊಂದೂ ನಕಲಿನ ರಾಶಿಯ ಹಿಂದೆ ಅರ್ಧ ಸೆಕೆಂಡು ನಿಂತರೆ? ನೂರು ಸೆಕೆಂಡು!

ಇದಕ್ಕೆ ಡೆಡ್‌ಲೈನ್ ಶೆಡ್ಯೂಲರ್ ಕಂಡುಕೊಂಡ ಉಪಾಯ, ಓದುವ ವಿನಂತಿಗೆ ಅರ್ಧ ಸೆಕೆಂಡು, ಬರೆಯುವುದಕ್ಕೆ ಐದು ಸೆಕೆಂಡು ಗಡುವು. ಗಡುವು ಮೀರಿದ್ದನ್ನು ಮುಂದಕ್ಕೆ ತರುತ್ತದೆ. ಅಷ್ಟರೊಳಗೆ ಮುಗಿಸಿಯೇ ತೀರುವ ಭರವಸೆಯಲ್ಲ. ಇನ್ನೊಂದು ಉಪಾಯ ವಿಚಿತ್ರವಾಗಿದೆ: ಒಂದು ಓದು ಮುಗಿದ ಮೇಲೆ ಕೆಲವು ಮಿಲಿಸೆಕೆಂಡು ಡಿಸ್ಕನ್ನು ಸುಮ್ಮನೆ ಬಿಡುವುದು. ಅದೇ ತಂತ್ರಾಂಶ ಪಕ್ಕದ ಜಾಗವನ್ನೇ ಕೇಳುವ ಸಂಭವ ಹೆಚ್ಚು. ಕಾದರೆ ಹೆಡ್‌ನ ದೂರದ ಓಡಾಟ ತಪ್ಪುತ್ತದೆ. ಆಂಟಿಸಿಪೇಟರಿ ಶೆಡ್ಯೂಲರಿನ ಈ ವಿಚಾರ 2006ರಲ್ಲಿ ಪೂರ್ವನಿಯೋಜಿತ ಆಯ್ಕೆಯಾದ ಸಿಎಫ್‌ಕ್ಯೂನಲ್ಲೂ ಉಳಿಯಿತು. 2019ರ ಕರ್ನೆಲ್ 5.0ರಲ್ಲಿ ಸಿಎಫ್‌ಕ್ಯೂವನ್ನೂ ತೆಗೆದರು. ಈಗ ಇರುವವು ಎಂಕ್ಯೂ-ಡೆಡ್‌ಲೈನ್, ಬಿಎಫ್‌ಕ್ಯೂ, ಕೈಬರ್. ಜೊತೆಗೆ, ಸರತಿಯನ್ನೇ ಮರುಜೋಡಿಸದ ‘ನನ್’.

ಹಾರ್ಡ್ ಡಿಸ್ಕ್ ಇರುವ ಮೇಜುಗಣಕಕ್ಕೆ ನನ್ನ ಆಯ್ಕೆ ಬಿಎಫ್‌ಕ್ಯೂ. ಬಳಕೆದಾರ ಎದುರಿಗೆ ಕುಳಿತು ಕಾಯುತ್ತಿರುವ ಕೆಲಸವನ್ನು ಊಹಿಸಿ ಅದಕ್ಕೆ ಮುಂಚೂಣಿ ಕೊಡುತ್ತದೆ. ನಕಲು ಸ್ವಲ್ಪ ತಡವಾದೀತು. ಎಸ್‌ಎಸ್‌ಡಿಯಲ್ಲಿ ಸರಿಯುವ ಹೆಡ್ ಇಲ್ಲವಾದ್ದರಿಂದ ಲಿಫ್ಟಿನ ಲೆಕ್ಕಕ್ಕೆ ಅರ್ಥವಿಲ್ಲ; ವೇಗದ ಎನ್‌ವಿಎಂಇ ಡ್ರೈವಿಗೆ ‘ನನ್’ ಸಾಕು.

ತರಗತಿಯಲ್ಲಿ ಪರೀಕ್ಷಿಸಬಹುದು. ಸಿಸ್ ಕಡತಕೋಶದ ಬ್ಲಾಕ್ ವಿಭಾಗದಲ್ಲಿ ಡಿಸ್ಕಿನ ಹೆಸರು, ಅದರೊಳಗೆ ಕ್ಯೂ, ಅಲ್ಲಿ ಶೆಡ್ಯೂಲರ್ ಎಂಬ ಕಡತವಿದೆ. ಚೌಕ ಆವರಣದಲ್ಲಿರುವುದು ಸದ್ಯದ ಆಯ್ಕೆ. ರೂಟ್ ಅಧಿಕಾರದಿಂದ ಬೇರೆ ಹೆಸರು ಬರೆದರೆ ಆ ಕ್ಷಣವೇ ಜಾರಿಗೆ ಬರುತ್ತದೆ. ದೊಡ್ಡ ನಕಲೊಂದನ್ನು ಆರಂಭಿಸಿ, ಬ್ರೌಸರ್ ತೆರೆಯಲು ಹಿಡಿಯುವ ಸಮಯವನ್ನು ಗಡಿಯಾರದಲ್ಲಿ ಅಳೆಯಿರಿ. ಎರಡನೆಯ ಬಾರಿ ಬ್ರೌಸರ್ ಸ್ಮೃತಿಯಿಂದಲೇ ತೆರೆದುಕೊಳ್ಳುವುದರಿಂದ ಪ್ರತಿ ಅಳತೆಗೂ ಮುನ್ನ ಗಣಕವನ್ನು ಮರುಚಾಲನೆ ಮಾಡಿ. ಆಗ ನಿಮ್ಮ ಬದಲಾವಣೆಯೂ ಅಳಿಸಿಹೋಗುವುದರಿಂದ ಮತ್ತೆ ಬರೆಯಲು ಮರೆಯಬೇಡಿ.